ಸಿ ಶಾರ್ಪ್‌ಗೆ ‘ಡೈನಾಮಿಕ್’ ಯಾಕೆ ಬೇಕಿತ್ತು? ‘ವಾರ್’ ಇತ್ತಲ್ವಾ?

ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಟೈಪ್ (ಸಂಖ್ಯೆಯೋ, ಅಕ್ಷರಗಳೋ, ಡೇಟಾ ಯಾವ ಬಗೆಯದು ಎನ್ನುವುದು) ಹೆಸರಿನ ಜಾಗದಲ್ಲಿ ಬರೆಯುವ ಈ ಎರಡು ಪದಗಳೂ ಒಂದೇ ಕೆಲಸ ಮಾಡುತ್ತವೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ‘ವಾರ್’ ಬರೆದರೆ ಕಂಪೈಲರ್ (ಕೋಡನ್ನು ಓಡಿಸುವ ಮುಂಚೆ ಪರೀಕ್ಷಿಸಿ ಅನುವಾದಿಸುವ ಸಾಫ್ಟ್‌ವೇರ್) ಬಲಗಡೆ ಏನಿದೆ ನೋಡಿ ಟೈಪ್ ಗೊತ್ತು ಮಾಡಿಕೊಳ್ಳುತ್ತದೆ. ಆಮೇಲೆ ಅದು ಬದಲಾಗುವುದಿಲ್ಲ. ನಿಮಗೆ ಟೈಪ್ ಹೆಸರು ಬರೆಯುವ ಶ್ರಮ ತಪ್ಪಿತು, ಅಷ್ಟೇ. ‘ಡೈನಾಮಿಕ್’ ಬರೆದರೆ “ಈಗ ಏನೂ ಕೇಳಬೇಡ, ಪ್ರೋಗ್ರಾಂ ಓಡುವಾಗ ನೋಡಿಕೊಳ್ಳೋಣ” ಎಂದು ಕಂಪೈಲರ್‌ನ ಬಾಯಿ ಮುಚ್ಚಿಸಿದ ಹಾಗೆ. ಆಬ್ಜೆಕ್ಟ್‌ಗೆ ಟೈಪ್ ಆಗಲೂ ಇರುತ್ತದೆ. ಅದನ್ನು ನೋಡುವ ಹೊತ್ತು ಮಾತ್ರ ಮುಂದಕ್ಕೆ ಹೋಗುತ್ತದೆ.

‘ಡೈನಾಮಿಕ್’ ಬಂದದ್ದು 2010ರಲ್ಲಿ, ಸಿ ಶಾರ್ಪ್ 4ರ ಜೊತೆ. ಅದಕ್ಕೆ ಮುಂಚೆ ಎಕ್ಸೆಲ್ ಫೈಲ್‌ಗಳ ಜೊತೆ ಒದ್ದಾಡಿದವರನ್ನು ಕೇಳಿ ನೋಡಿ. ಒಂದು ಸೆಲ್ ತೆಗೆದುಕೊಂಡರೆ ಸುಮ್ನೆ ‘ಆಬ್ಜೆಕ್ಟ್’ ಅಂತ ಕೈಗೆ ಬರುತ್ತಿತ್ತು. ಪ್ರತಿ ಸಲ ಅದನ್ನು ‘ರೇಂಜ್’ಗೆ (ಎಕ್ಸೆಲ್ ಸೆಲ್‌ಗಳ ಟೈಪ್) ಕಾಸ್ಟ್ ಮಾಡಬೇಕು, ಅಂದರೆ ಇದು ಈ ಟೈಪ್ ಅಂತ ನಾವೇ ಬರೆದು ಹೇಳಬೇಕು. ಫೈಲ್ ತೆರೆಯುವ ಮೆಥಡ್‌ಗೆ 15 ಪ್ಯಾರಾಮೀಟರ್ (ಕರೆಯುವಾಗ ಕೊಡಬೇಕಾದ ಮಾಹಿತಿ). ಬೇಕಾದದ್ದು ಒಂದು, ಉಳಿದ 14 ಕಡೆ ‘ಮಿಸ್ಸಿಂಗ್’ ಅಂತ ತುಂಬಿಸುತ್ತಾ ಕೂರಬೇಕು. ಕಾಸ್ಟ್ ಕಾಟ ತಪ್ಪಿದ್ದು ‘ಡೈನಾಮಿಕ್’ನಿಂದ. ಪ್ಯಾರಾಮೀಟರ್ ಕಾಟ ತಪ್ಪಿದ್ದು ಅದೇ ಆವೃತ್ತಿಯಲ್ಲಿ ಬಂದ ಆಪ್ಷನಲ್ (ಬೇಡವಾದರೆ ಬಿಡಬಹುದಾದ) ಪ್ಯಾರಾಮೀಟರ್‌ನಿಂದ. ಐರನ್‌ಪೈಥಾನ್‌ನಂಥ (ಡಾಟ್‌ನೆಟ್ ಮೇಲೆ ಓಡುವ ಪೈಥಾನ್) ಭಾಷೆಗಳ ಆಬ್ಜೆಕ್ಟ್ ಜೊತೆ ಮಾತಾಡುವುದೂ ‘ಡೈನಾಮಿಕ್’ನಿಂದ ಸುಲಭವಾಯಿತು.

ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಕರೆ ನಿಧಾನ. ಯಾವ ಮೆಥಡ್ ಅಂತ ಹುಡುಕಿದ ಫಲವನ್ನು ಕರೆ ನಡೆದ ಜಾಗದಲ್ಲೇ ಇಟ್ಟುಕೊಳ್ಳುವುದರಿಂದ, ಅದೇ ಟೈಪ್ ಮತ್ತೆ ಬಂದರೆ ಬೇಗ ಆಗುತ್ತದೆ.

ನನ್ನನ್ನು ಕಾಡಿದ್ದು ಬೇರೆ. ಒಂದು ಬಿಲ್ ರಿಪೋರ್ಟ್‌ಗೆ ‘ಎಕ್ಸ್‌ಪ್ಯಾಂಡೋ ಆಬ್ಜೆಕ್ಟ್’ (ಓಡುತ್ತಿರುವಾಗಲೇ ಹೊಸ ಪ್ರಾಪರ್ಟಿ ಸೇರಿಸಬಹುದಾದ ಆಬ್ಜೆಕ್ಟ್) ‘ಡೈನಾಮಿಕ್’ ಆಗಿ ಬಳಸಿದ್ದೆ. ಮೊದಲು ‘ಅಮೌಂಟ್’ಗೆ ಸೊನ್ನೆ ಇಟ್ಟು, ಮುಂದೆ ಒಂದು ಕಡೆ ಸರಿಯಾದ ಮೊತ್ತ ಹಾಕುವಾಗ ಒಂದು ಅಕ್ಷರ ಬಿಟ್ಟು ‘ಅಮೌಟ್’ ಅಂತ ಬರೆದೆ. ಇಲ್ಲದ ಹೆಸರನ್ನು ಓದಲು ಹೋಗಿದ್ದರೆ ಎಕ್ಸೆಪ್ಷನ್ (ಓಡುವಾಗ ಬರುವ ದೋಷ) ಬಿದ್ದು ಅಲ್ಲೇ ಗೊತ್ತಾಗುತ್ತಿತ್ತು. ಆದರೆ ಬರೆಯುವಾಗ ಈ ಪುಣ್ಯಾತ್ಮ ಹೊಸ ಪ್ರಾಪರ್ಟಿಯನ್ನೇ ಹುಟ್ಟಿಸಿಬಿಡುತ್ತದೆ! ಎರರ್ ಇಲ್ಲ, ವಾರ್ನಿಂಗ್ ಇಲ್ಲ. ರಿಪೋರ್ಟ್ ತುಂಬಾ ಸೊನ್ನೆ. ಕೋಡ್‌ನಲ್ಲಿ ಅದು ಎಷ್ಟು ಸಲ ಕಣ್ಮುಂದೆ ಹಾದರೂ ನನಗೆ ಕಾಣಲೇ ಇಲ್ಲ. ಮಾಮೂಲಿ ಕ್ಲಾಸ್ ಆಗಿದ್ದರೆ ಟೈಪ್ ಮಾಡುತ್ತಿದ್ದಾಗಲೇ ಕೆಂಪು ಗೆರೆ ಬೀಳುತ್ತಿತ್ತು.

ಇನ್ನೊಂದು, ಇದು ಅಂಟುಜಾಡ್ಯ. ‘ಡೈನಾಮಿಕ್’ ಆದದ್ದರ ಮೇಲೆ ಮೆಥಡ್ ಕರೆದರೆ ಬರುವುದೂ ‘ಡೈನಾಮಿಕ್’. ಅದನ್ನು ‘ವಾರ್’ನಲ್ಲಿ ಹಿಡಿದರೆ ಅದಕ್ಕೂ ಅಂಟುತ್ತದೆ. ಅದಕ್ಕೇ ನಾನೀಗ ಹೊರಗಿನಿಂದ ಬಂದದ್ದನ್ನು ಬಾಗಿಲಲ್ಲೇ ‘ಸ್ಟ್ರಿಂಗ್’, ‘ಡೆಸಿಮಲ್’ ಅಂತ ಟೈಪ್ ಹೆಸರು ಬರೆದೇ ಹಿಡಿದು ಒಳಗೆ ಬಿಡುತ್ತೇನೆ.

ನೀವು ಎಕ್ಸೆಲ್, ಪೈಥಾನ್ ಯಾವುದನ್ನೂ ಮುಟ್ಟದೆ ಬರೀ ನಿಮ್ಮದೇ ಕ್ಲಾಸ್‌ಗಳ ಜೊತೆ ಕೆಲಸ ಮಾಡುತ್ತಿದ್ದರೆ, ಹೌದು, ‘ವಾರ್’ ಸಾಕು.