ಮಿಶ್ರತಳಿಯ ಎರಡನೇ ತಲೆಮಾರು ಯಾಕೆ ಹಿಂದೆ ಬೀಳುತ್ತದೆ?

ಪ್ರಶ್ನೆ: ನಾನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮಾಂಸದ ದನಗಳ ಫಾರ್ಮ್ ಒಂದರಲ್ಲಿ ಕೆಲಸಕ್ಕಿದ್ದೇನೆ. ಬ್ರಾಹ್ಮನ್ ಹೋರಿಗೆ ಹೆರ್‌ಫೋರ್ಡ್ ಹಸುಗಳಲ್ಲಿ ಹುಟ್ಟಿದ ಕರುಗಳು ಸೊಗಸಾಗಿ ಬೆಳೆದವು. ಅವುಗಳಲ್ಲೇ ಒಂದು ಹೋರಿ ಉಳಿಸಿಕೊಂಡು ಮುಂದುವರಿಸಿದರೆ, ಆಮೇಲಿನ ಕರುಗಳು ಒಂದೊಂದು ಒಂದೊಂದು ಥರ. ತೂಕವೂ ಕಮ್ಮಿ. ತಳಿ ಕೆಟ್ಟಿತೇ?

ಉತ್ತರ: ಕೆಟ್ಟಿಲ್ಲ. ಮೊದಲ ತಲೆಮಾರಿನಲ್ಲಿ ನೀವು ಕಂಡ ಹುರುಪಿನಲ್ಲಿ ದೊಡ್ಡ ಪಾಲು ಹೈಬ್ರಿಡ್ ವಿಗರ್‌ನದು, ಅಂದರೆ ಬೇರೆಬೇರೆ ತಳಿ ಕೂಡಿದಾಗ ಕರುವಿಗೆ ಸಿಗುವ ಹೆಚ್ಚಿನ ಹುರುಪಿನದು. ಆ ಕರುಗಳ ಜೀನ್ ಜೋಡಿಗಳಲ್ಲಿ ಒಂದು ಬ್ರಾಹ್ಮನ್‌ನಿಂದ ಬಂದದ್ದು, ಇನ್ನೊಂದು ಹೆರ್‌ಫೋರ್ಡ್‌ನಿಂದ. ಅವನ್ನೇ ತಮ್ಮತಮ್ಮಲ್ಲಿ ಕೂಡಿಸಿದಾಗ ಸುಮಾರು ಅರ್ಧ ಜೋಡಿಗಳಷ್ಟೇ ಹಾಗೆ ಉಳಿಯುತ್ತವೆ. ಹುರುಪೂ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಯಾವ ಕರುವಿಗೆ ಯಾವುದು ಸಿಗುತ್ತದೋ, ಅದು ಲಾಟರಿ. ಅದಕ್ಕೇ ಒಂದಕ್ಕೆ ಬ್ರಾಹ್ಮನ್‌ನ ಎತ್ತರದ ಇಣಿ (ಬೆನ್ನ ಮೇಲಿನ ಡುಬ್ಬ), ಇನ್ನೊಂದಕ್ಕೆ ಹೆರ್‌ಫೋರ್ಡ್‌ನ ಬಿಸಿಲಿಗೆ ತಡೆಯದ ದಪ್ಪ ಕೂದಲು.

ಸಮಾಧಾನದ ವಿಷಯ ಅಂದರೆ, ಹಿಂಡು ದೊಡ್ಡದಿದ್ದು ರಕ್ತಸಂಬಂಧದ ಕೂಡಿಕೆ ತಪ್ಪಿಸಿದರೆ ಇಳಿತ ಅಲ್ಲಿಗೇ ನಿಲ್ಲುತ್ತದೆ. ಟೆಕ್ಸಾಸ್‌ನ ಸಾಂಟಾ ಗೆರ್ಟ್ರೂಡಿಸ್ ತಳಿ ಹಾಗೆ ನಿಂತದ್ದೇ: ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್, ಐದು ಪಾಲು ಶಾರ್ಟ್‌ಹಾರ್ನ್. ಅಂದಹಾಗೆ, ಬ್ರಾಹ್ಮನ್ ತಳಿ ಕಟ್ಟಲು ಅಮೆರಿಕದವರು ಬಳಸಿದ ದನಗಳಲ್ಲಿ ಗಿರ್, ಕಾಂಕ್ರೇಜ್, ಓಂಗೋಲ್ ಜೊತೆ ನಮ್ಮ ಕೃಷ್ಣಾ ಕಣಿವೆ ತಳಿಯೂ ಇತ್ತು. ಆಸ್ಟ್ರೇಲಿಯಾಕ್ಕೆ ಬ್ರಾಹ್ಮನ್ ಅಮೆರಿಕದಿಂದ ಬಂದದ್ದು 1933ರಲ್ಲಿ.

ಮಿಶ್ರಣ ಒಂದು ಸಲ ಕೊಡುವ ಲಾಭ. ಅಲ್ಲಿಂದ ಮುಂದೆ ಆಯ್ಕೆಯೇ ಗತಿ. ನನ್ನ ಕೇಳಿದರೆ ಮೊದಲು ನೋಡಬೇಕಾದದ್ದು ಕಡಸುಗಳನ್ನು. ಉತ್ತರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಬ್ರಾಹ್ಮನ್ ಕಡಸುಗಳು ಪ್ರಾಯಕ್ಕೆ ಬಂದದ್ದು ಸರಾಸರಿ 750 ದಿನಕ್ಕೆ. ಅಲ್ಲಿನ ಮಿಶ್ರತಳಿಗಳು 650ಕ್ಕೇ ಬಂದವು. ಒಂದೇ ತಳಿಯೊಳಗಿನ ವ್ಯತ್ಯಾಸದಲ್ಲೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪಾಲು ತಂದೆತಾಯಿಯಿಂದಲೇ ಬಂದದ್ದು. ಅಂದರೆ ಬೇಗ ಬೆದೆಗೆ ಬಂದ, ಮೊದಲ ಕರುವಿನ ನಂತರ ಬೇಗ ಗಬ್ಬ ಕಟ್ಟಿದ ಹಸುಗಳ ಗಂಡುಕರುವನ್ನೇ ಹೋರಿಗೆ ಬಿಡಿ. ಬರೀ ಮೈಕಟ್ಟು ನೋಡಿ ಮರುಳಾಗಬೇಡಿ.

ರಕ್ತ ಹೀರುವ ಉಣ್ಣಿಯನ್ನು ತಡೆಯುವ ಗುಣವೂ ಹಾಗೆಯೇ, ಆಯ್ಕೆಯಿಂದ ಬರಬೇಕಾದದ್ದು. ಔಷಧಿ ಹೊಡೆಯುವ ಮುಂಚೆ ದನದ ಒಂದು ಮಗ್ಗುಲಲ್ಲಿ ರಕ್ತ ಕುಡಿದು ಉಬ್ಬಿದ, ಸುಮಾರು 4.5ರಿಂದ 8 ಮಿಲಿಮೀಟರ್ ಉದ್ದದ ಹೆಣ್ಣು ಉಣ್ಣಿಗಳನ್ನು ಎಣಿಸಿ, ದನದ ನಂಬರಿನ ಮುಂದೆ ಬರೆದಿಡಿ. ಒಂದೇ ಬಯಲಲ್ಲಿ ಮೇಯುವ ದನಗಳಲ್ಲೂ ಲೆಕ್ಕ ಅಜಗಜಾಂತರ ಇರುತ್ತದೆ; ಕಮ್ಮಿ ಇದ್ದವನ್ನೇ ತಳಿಗೆ ಉಳಿಸಿಕೊಳ್ಳಿ.

ಉಣ್ಣಿಗೆ ಹೆದರಿ ಸುಮ್ನೆ ಬ್ರಾಹ್ಮನ್ ಪಾಲು ಏರಿಸುತ್ತಾ ಹೋಗುವುದೂ ಬೇಡ. ಮಾಂಸ ಗಟ್ಟಿಯಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಮಾಂಸದ ದರ್ಜೆ ಕಟ್ಟುವಾಗ ಇಣಿಯ ಎತ್ತರವನ್ನೂ ಅಳೆಯುತ್ತಾರೆ. ಎತ್ತರ ಜಾಸ್ತಿಯಾದಷ್ಟೂ ದರ್ಜೆ ಇಳಿಯುತ್ತದೆ. ಮುಂದಿನ ಹೋರಿ ಹೊರಗಿನಿಂದ ತರುವುದಾದರೆ ಬೆಲ್ಮಾಂಟ್ ರೆಡ್ ಅಥವಾ ಸೆನೆಪೋಲ್ ವಿಚಾರಿಸಿ. ಎರಡೂ ಬಿಸಿಲು ತಾಳುತ್ತವೆ. ಮೂರನೇ ತಳಿ ಸೇರುವುದರಿಂದ ಕಳೆದ ಹುರುಪಿನಲ್ಲಿ ಒಂದಷ್ಟು ವಾಪಸ್ ಸಿಗುತ್ತದೆ. ಕೊಳ್ಳುವ ಮುಂಚೆ ಆ ಹೋರಿಯ ಬ್ರೀಡ್‌ಪ್ಲಾನ್ ಅಂಕಿಗಳನ್ನು (ಅದರ ಕರುಗಳು ಹೇಗಿದ್ದಾವು ಎಂಬ ಅಂದಾಜು) ಕೇಳಿ ಪಡೆಯಿರಿ, ವೃಷಣದ ಸುತ್ತಳತೆಯೂ ಅದರಲ್ಲಿರಲಿ.