ಪೌರಕಾರ್ಮಿಕರ ಕಾಲೋನಿಯಲ್ಲಿ ಲಸಿಕೆಗೆ ಯಾಕೆ ಹಿಂಜರಿಯುತ್ತಾರೆ? ತಿಳಿವಳಿಕೆ ಇಲ್ಲದೆಯೇ?

ನಿಮ್ಮ ತಂಡ ಪೌರಕಾರ್ಮಿಕರ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಲು ಹೋಗುತ್ತಿದೆ, ತಾಯಂದಿರು ಬಾಗಿಲು ಹಾಕಿಕೊಳ್ಳುತ್ತಿದ್ದಾರೆ, ಇದು ತಿಳಿವಳಿಕೆ ಇಲ್ಲದ್ದಕ್ಕೇ ಅಲ್ವಾ ಎಂದು ಕೇಳಿದ್ದೀರಿ. ನಾನು ಮೈಸೂರು ಕಡೆಯ ಒಂದು ಪಟ್ಟಣದಲ್ಲಿ ಲಸಿಕೆ ಹಾಕುವ ಸಿಸ್ಟರ್. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. 2021ರಲ್ಲಿ ಆ ಯೋಚನೆ ಬಿಟ್ಟೆ.

ಆ ವರ್ಷ ಜನವರಿ 16ಕ್ಕೆ ಕೋವಿಡ್ ಲಸಿಕೆ ಶುರುವಾಯಿತು. ಮೊದಲು ಆರೋಗ್ಯ ಸಿಬ್ಬಂದಿಗೆ, ಫೆಬ್ರವರಿಯಲ್ಲಿ ಪೊಲೀಸರಿಗೆ, ಪೌರಕಾರ್ಮಿಕರಿಗೆ. ನಮ್ಮ ಪಟ್ಟಿಯಲ್ಲಿದ್ದ ಪೌರಕಾರ್ಮಿಕರಲ್ಲಿ ಮೊದಲ ದಿನ ಬಂದವರು ಬೆರಳೆಣಿಕೆಯಷ್ಟು. ಕಾಲೋನಿಗೆ ಹೋಗಿ ಕೇಳಿದೆ. ಇಪ್ಪತ್ತು ವರ್ಷದಿಂದ ಗುಡಿಸುವ ಕೆಲಸ ಮಾಡುತ್ತಿದ್ದ ಒಬ್ಬ ಅಕ್ಕ ನನ್ನನ್ನು ಕೂರಿಸಿ, ನೀರು ಕೊಟ್ಟು ಹೇಳಿದರು: "ಯಾವತ್ತೂ ನಮ್ಮನ್ನ ಕೊನೇಲಿ ಕರೀತೀರಿ. ಇವತ್ತು ಮೊದಲು ಕರೀತಿದ್ದೀರಿ. ಏನೋ ಇದೆ ಅಲ್ವಾ ಸಿಸ್ಟರಮ್ಮ?"

ನನಗೆ ಉತ್ತರ ಹೊಳೆಯಲಿಲ್ಲ. ಲಾಕ್‌ಡೌನ್‌ನಲ್ಲಿ ಕ್ವಾರಂಟೈನ್ ಮನೆಗಳ ಕಸವನ್ನು ಈ ಹೆಂಗಸರು ಬರಿಗೈಯಲ್ಲಿ ಎತ್ತಿದ್ದನ್ನು ನಾನೇ ನೋಡಿದ್ದೆ. ಗ್ಲೌಸ್ ಕೇಳಿದಾಗ ಕೊಡದವರು ಸೂಜಿ ಹಿಡಿದು ಮನೆ ಬಾಗಿಲಿಗೆ ಬಂದರೆ ಅನುಮಾನ ಬಾರದೆ ಇರುತ್ತದೆಯೇ? ದೇಶದ ದೊಡ್ಡ ನಾಯಕರು ಹಾಕಿಸಿಕೊಂಡ ಫೋಟೋ ಆಗಿನ್ನೂ ಬಂದಿರಲಿಲ್ಲ. ಪ್ರಧಾನಿ ಹಾಕಿಸಿಕೊಂಡದ್ದು ಮಾರ್ಚ್ 1ಕ್ಕೆ. "ಮೊದಲು ನಮ್ಮ ಮೇಲೆ ಪ್ರಯೋಗ ಮಾಡಿ ನೋಡ್ತಾರೆ" ಎಂಬ ಮಾತು ಕಾಲೋನಿ ತುಂಬಾ ಇತ್ತು. ಕೋವ್ಯಾಕ್ಸಿನ್ ಹಾಕುವ ಕಡೆಗಳಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಬೇರೆ ಹಾಕಿಸಿಕೊಳ್ಳುತ್ತಿದ್ದರು. ಆ ಲಸಿಕೆಯ ಮೂರನೇ ಹಂತದ, ಅಂದರೆ ಸಾವಿರಾರು ಜನರ ಮೇಲೆ ನಡೆಯುವ ದೊಡ್ಡ ಪ್ರಯೋಗದ ಫಲಿತಾಂಶ ಇನ್ನೂ ಬಂದಿರಲಿಲ್ಲ. ಆ ಕಾರಣಕ್ಕೆ ನಮ್ಮ ಸ್ಟಾಫಿನಲ್ಲೇ ಕೆಲವರು ಕಾದು ನೋಡೋಣ ಅಂದರು. ಅವರೆಲ್ಲ ಓದಿದವರೇ.

ಇನ್ನೊಂದು ಕಷ್ಟ ನನ್ನದೇ. "ಸಿಸ್ಟರಮ್ಮ, ನೀವು ಹಾಕಿಸಿಕೊಂಡ್ರಾ?" ಎಂದು ಎಲ್ಲರೂ ಕೇಳುತ್ತಿದ್ದರು. ನನ್ನ ಮಗುವಿಗೆ ಆಗ ಏಳು ತಿಂಗಳು. ಹಾಲುಣಿಸುವ ತಾಯಂದಿರಿಗೆ ಹಾಕಬೇಡಿ ಎಂದು ಆಗ ಸೂಚನೆ ಇತ್ತು. ಇಲ್ಲ ಎಂದೇ ಹೇಳಬೇಕಾಯಿತು. ಕಾರಣ ಹೇಳುವಷ್ಟರಲ್ಲಿ ಅವರು ಒಳಗೆ ಹೋಗಿರುತ್ತಿದ್ದರು. ಮೇ ತಿಂಗಳಲ್ಲಿ ಹಾಲುಣಿಸುವವರೂ ಹಾಕಿಸಿಕೊಳ್ಳಬಹುದು ಎಂದು ಆದೇಶ ಬಂತು. ಕೋವಿಶೀಲ್ಡ್ ಎರಡನೇ ಡೋಸ್ ಮೊದಲು ನಾಲ್ಕು ವಾರಕ್ಕೆ ಅಂದೆವು, ಆಮೇಲೆ ಆರರಿಂದ ಎಂಟು, ಆಮೇಲೆ ಹನ್ನೆರಡರಿಂದ ಹದಿನಾರು. ಹೊಸ ಮಾಹಿತಿ ಬಂದಂತೆ ಸಲಹೆ ಬದಲಾಗುವುದು ತಪ್ಪಲ್ಲ. ಆದರೆ ಯಾಕೆ ಬದಲಾಯಿತು ಎಂದು ಕೂತು ಹೇಳಲು ನಮಗ್ಯಾರಿಗೂ ಪುರುಸೊತ್ತಿರಲಿಲ್ಲ. ಸ್ಟಾಕ್ ಇಲ್ಲ, ಅದಕ್ಕೇ ಮುಂದೂಡುತ್ತಿದ್ದಾರೆ ಎಂದು ಅವರೇ ಅರ್ಥ ಮಾಡಿಕೊಂಡರು.

ಏಪ್ರಿಲ್‌ನಲ್ಲಿ ತಮಿಳು ನಟ ವಿವೇಕ್ ಲಸಿಕೆ ಹಾಕಿಸಿಕೊಂಡ ಎರಡೇ ದಿನಕ್ಕೆ ತೀರಿಕೊಂಡರು. ಹೃದಯದ ತೊಂದರೆ, ಲಸಿಕೆಗೆ ಸಂಬಂಧ ಇಲ್ಲ ಎಂದು ವೈದ್ಯರು ಆಗಲೇ ಹೇಳಿದ್ದರು. ನಮ್ಮ ಕಾಲೋನಿಯಲ್ಲಿ ತಮಿಳು ಮನೆಗಳು ಇವೆ. ಸುದ್ದಿ ತಲುಪಿತು, ವೈದ್ಯರ ಮಾತು ತಲುಪಲಿಲ್ಲ.

ಆದರೆ ನಿಜವಾಗಿ ಜಾಸ್ತಿ ಜನರನ್ನು ತಡೆದದ್ದು ಜ್ವರ. ಲಸಿಕೆ ಹಾಕಿದ ಮಾರನೇ ದಿನ ಮೈಕೈ ನೋವು, ಜ್ವರ ಬರಬಹುದು. ನಮಗೆ ಅದು ಒಂದು ಮಾತ್ರೆ, ಒಂದು ದಿನ ರಜೆ. ಗುತ್ತಿಗೆಯಲ್ಲಿರುವ ಹೆಂಗಸಿಗೆ ಅದು ಒಂದು ದಿನದ ಸಂಬಳ ಕಟ್, ಮೇಸ್ತ್ರಿಯ ಬೈಗುಳ. ಅದರ ಮೇಲೆ ಕೋವಿಶೀಲ್ಡ್ ಒಂದು ಬಾಟಲಿಯಲ್ಲಿ ಹತ್ತು ಡೋಸ್. ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು, ಉಳಿದರೆ ಎಸೆಯಬೇಕಿತ್ತು. ಕೆಲಸ ಬಿಟ್ಟು ಬಂದ ಮೂರು ಜನರನ್ನು "ಹತ್ತು ಜನ ಆಗಲಿ, ನಾಳೆ ಬನ್ನಿ" ಎಂದು ನಾನೇ ವಾಪಸ್ ಕಳಿಸಿದ್ದೇನೆ. ಅವರಲ್ಲಿ ಒಬ್ಬರು ಮತ್ತೆ ಬರಲೇ ಇಲ್ಲ. ಎರಡನೇ ಅಲೆಯಲ್ಲಿ ಅವರು ಆಸ್ಪತ್ರೆ ಸೇರಿದರು. ಉಳಿದುಕೊಂಡರು. ಆದರೂ ಆ ಬೆಳಿಗ್ಗೆ ನನಗೆ ಇಂದಿಗೂ ನೆನಪಾಗುತ್ತದೆ.

ಜೂನ್‌ನಲ್ಲಿ ಕ್ಯಾಂಪನ್ನು ಅವರ ಹಾಜರಾತಿ ಹಾಕುವ ಜಾಗಕ್ಕೇ ಒಯ್ದೆವು. ವಾರದ ರಜೆಯ ಹಿಂದಿನ ದಿನ, ಕೆಲಸ ಮುಗಿಯುವ ಹೊತ್ತಿಗೆ. ಜ್ವರ ಬಂದರೂ ರಜೆಯಲ್ಲೇ ಕಳೆಯಲಿ ಎಂದು. ಪ್ಯಾರಾಸಿಟಮಾಲ್ ಕೈಗೇ ಕೊಟ್ಟೆವು. ನಾನು ಮೊದಲ ಡೋಸ್ ಹಾಕಿಸಿಕೊಂಡದ್ದೂ ಅಲ್ಲೇ, ಆ ಅಕ್ಕನ ಎದುರಿಗೆ. ಅವರು ಅವತ್ತು ಹಾಕಿಸಿಕೊಳ್ಳಲಿಲ್ಲ. ಮುಂದಿನ ವಾರ ಸೊಸೆಯನ್ನೂ ಕರೆದುಕೊಂಡು ಬಂದರು.

ಕೆಲವು ಕಡೆ ಲಸಿಕೆ ಹಾಕಿಸದಿದ್ದರೆ ರೇಷನ್ ಇಲ್ಲ ಎಂದು ಹೆದರಿಸಿದರು. ದಯವಿಟ್ಟು ಆ ದಾರಿಗೆ ಹೋಗಬೇಡಿ. ಹೆದರಿಸಿ ಒಂದು ಸಲ ಹಾಕಬಹುದು. ದಡಾರ-ರುಬೆಲ್ಲಾ ಎರಡು ಸಲ ಹಾಕಬೇಕಾದ ಲಸಿಕೆ, ಒಂಬತ್ತು ತಿಂಗಳಿಗೆ ಒಂದು, ಹದಿನಾರು ತಿಂಗಳ ಮೇಲೆ ಇನ್ನೊಂದು. ಅದೇ ತಾಯಿ ಮತ್ತೆ ಬರಬೇಕು.

ನೀವು ಬೆಳಿಗ್ಗೆ ಹತ್ತಕ್ಕೆ ಹೋಗುತ್ತಿದ್ದರೆ ಮೊದಲು ಸಮಯ ಬದಲಾಯಿಸಿ. ಆ ಹೊತ್ತಿಗೆ ತಾಯಂದಿರು ರಸ್ತೆಯಲ್ಲಿರುತ್ತಾರೆ, ಮನೆಯಲ್ಲಿರುವುದು ಅಜ್ಜಿ, ಅಜ್ಜಿ ಒಬ್ಬರೇ ಹೂಂ ಅನ್ನುವುದಿಲ್ಲ. ಮಗುವಿಗೆ ಜ್ವರ ಬರಬಹುದು, ಮೈಮೇಲೆ ಸಣ್ಣ ಕೆಂಪು ದದ್ದು ಏಳಬಹುದು ಎಂದು ಮೊದಲೇ ಹೇಳಿಬಿಡಿ. ಅದು ಲಸಿಕೆ ಹಾಕಿ ಒಂದು ವಾರದ ಮೇಲೆ ಬರುವುದುಂಟು. ಆ ದಿನಗಳಲ್ಲಿ ಒಂದು ಸಂಜೆ, ಸುಮ್ನೆ ಮಗು ಹೇಗಿದೆ ಎಂದು ಕೇಳಲಿಕ್ಕೆ, ಅವರ ಮನೆಗೆ ಹೋಗಿ ಬನ್ನಿ.