ಆ ಒಂದು ವರ್ಷವನ್ನು ಏಕೆ ಬಿಟ್ಟಿರಿ?

ಮಾನ್ಯರೇ,

ಬ್ರಿಟನ್ನಿನ 400 ಮೀಟರ್ ಓಟಗಾರ್ತಿ ಕ್ರಿಸ್ಟೀನ್ ಒಹುರುವೋಗು ಅವರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ನಿಮ್ಮ ಅಭಿಮಾನ ಪ್ರಾಮಾಣಿಕವಾದದ್ದು. ಆದರೂ ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ.

ನೀವು 2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಚಿನ್ನದಿಂದ ನೇರವಾಗಿ 2007ರ ಒಸಾಕಾ ವಿಶ್ವ ಚಾಂಪಿಯನ್‌ಷಿಪ್ ಚಿನ್ನಕ್ಕೆ ಬಂದುಬಿಟ್ಟಿದ್ದೀರಿ. ನಡುವೆ ಅವರು ಒಂದು ವರ್ಷ ನಿಷೇಧಕ್ಕೆ ಒಳಗಾಗಿದ್ದರು. ಮುನ್ಸೂಚನೆಯಿಲ್ಲದೆ ಬರುವ ಉದ್ದೀಪನ ಮದ್ದು ಪರೀಕ್ಷಕರಿಗೆ ತಾನು ಎಲ್ಲಿ ಸಿಗುತ್ತೇನೆಂದು ಓಟಗಾರ್ತಿ ಮೊದಲೇ ತಿಳಿಸಿರಬೇಕು; ಒಹುರುವೋಗು ಹೇಳಿದ ಜಾಗದಲ್ಲಿ ಮೂರು ಸಲ ಸಿಗಲಿಲ್ಲ. ಅವರು ಮದ್ದು ಸೇವಿಸಿದ್ದಕ್ಕೆ ಯಾವ ಪುರಾವೆಯೂ ಇರಲಿಲ್ಲ, ಆದರೆ ನಿಯಮ ನಿಯಮವೇ. ನಿಷೇಧ ಮುಗಿದು ತಿಂಗಳು ತುಂಬುವ ಮೊದಲೇ ಒಸಾಕಾದಲ್ಲಿ 49.61 ಸೆಕೆಂಡುಗಳಲ್ಲಿ ಗೆದ್ದಾಗಲೂ ಸಂಶಯದ ಮಾತುಗಳು ನಿಲ್ಲಲಿಲ್ಲ. ಬ್ರಿಟಿಷ್ ಒಲಿಂಪಿಕ್ ಸಂಸ್ಥೆಯ ನಿಯಮದಂತೆ ಅವರಿಗೆ ಒಲಿಂಪಿಕ್ಸ್ ಬಾಗಿಲು ಜೀವನಪೂರ್ತಿ ಮುಚ್ಚಿತ್ತು, ಮೇಲ್ಮನವಿಯಲ್ಲಿ ಗೆದ್ದ ಬಳಿಕವಷ್ಟೇ ತೆರೆಯಿತು. ಮರುವರ್ಷ ಬೀಜಿಂಗ್‌ನಲ್ಲಿ ಒಲಿಂಪಿಕ್ ಚಿನ್ನ. ನಿಷೇಧದ ಆ ವರ್ಷವನ್ನು ಕೈಬಿಟ್ಟರೆ, ‘ಅವರು ಜನರ ಕಣ್ಮಣಿಯಾದರು’ ಎಂಬ ನಿಮ್ಮ ವಾಕ್ಯಕ್ಕೆ ಆಧಾರವೇ ಇರುವುದಿಲ್ಲ. ಜನ ಅವರನ್ನು ಒಮ್ಮೆಲೇ ಒಪ್ಪಿಕೊಳ್ಳಲಿಲ್ಲ ಎನ್ನುವುದನ್ನು ಓದುಗರಿಗೆ ಹೇಳಲೇಬೇಕು.

ಎರಡನೆಯದಾಗಿ, ‘ವಲಸಿಗರ ಮಗಳು’ ಎಂದು ಹನ್ನೊಂದು ಕಡೆ ಬರೆದಿದ್ದೀರಿ. ತಂದೆತಾಯಿ ನೈಜೀರಿಯಾದಿಂದ ಬಂದವರು, ಇಗ್ಬೊ ಸಮುದಾಯದವರು ಎಂದು ಒಮ್ಮೆ ಹೇಳಿದರೆ ಸಾಕು. ಅವರು ಹುಟ್ಟಿದ್ದು ಪೂರ್ವ ಲಂಡನ್ನಿನ ನ್ಯೂಹ್ಯಾಮ್‌ನಲ್ಲಿ. 2012ರ ಒಲಿಂಪಿಕ್ ಕ್ರೀಡಾಂಗಣ ಎದ್ದದ್ದು ಅವರು ಬೆಳೆದ ಸ್ಟ್ರಾಟ್‌ಫರ್ಡ್‌ನಲ್ಲೇ. ಅಲ್ಲಿ, ತಮ್ಮ ಓಣಿಯ ಜನರ ಎದುರು, ಬೆಳ್ಳಿ ಗೆದ್ದ ಓಟಗಾರ್ತಿಯನ್ನು ಮತ್ತೆ ಮತ್ತೆ ಹೊರಗಿನವರಂತೆ ಕರೆಯುವುದು ನನಗೆ ನೋವು ತಂದಿತು. ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜಿನಲ್ಲಿ ಭಾಷಾವಿಜ್ಞಾನ ಓದಿದ್ದನ್ನೂ ಮೊದಲು ನೆಟ್‌ಬಾಲ್ ಆಡುತ್ತಿದ್ದುದನ್ನೂ ನೀವು ಮುಟ್ಟಿಯೇ ಇಲ್ಲ.

ಇನ್ನು ಓಟ. ‘ಚಿರತೆಯಂತೆ ಚಿಮ್ಮಿದರು’ ಎಂದಿದ್ದೀರಿ; ಅದು ಅವರ ಓಟವೇ ಅಲ್ಲ. ಮೊದಲರ್ಧದಲ್ಲಿ ಉಸಿರು ಉಳಿಸಿಕೊಂಡು, ಮುಂದಿದ್ದವರ ಕಾಲು ಭಾರವಾಗುವ ಹೊತ್ತಿಗೆ ಕೊನೆಯ ನೇರ ಹಾದಿಯಲ್ಲಿ ಒಬ್ಬೊಬ್ಬರನ್ನೇ ಹಿಂದಿಕ್ಕುವುದು ಅವರ ರೀತಿಯಾಗಿತ್ತು. 2013ರ ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಅನ್ನು ಮತ್ತೆ ನೋಡಿ. ಬೋಟ್ಸ್‌ವಾನಾದ ಅಮಾಂಟ್ಲೆ ಮೊಂಟ್‌ಶೊ ಮುಂದಿದ್ದಾರೆ, ಗೆರೆ ಹತ್ತಿರವಾಗಿದೆ. ಒಹುರುವೋಗು ಕೊನೆಯ ಹೆಜ್ಜೆಯಲ್ಲಿ ಎದೆಯನ್ನು ಮುಂದಕ್ಕೆ ಚಾಚುತ್ತಾರೆ. ಇಬ್ಬರಿಗೂ 49.41, ಫೋಟೊ ನೋಡಿ ಅಳೆದಾಗ ಒಹುರುವೋಗು ಗೆದ್ದ ಅಂತರ ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕು. 1984ರಲ್ಲಿ, ಅಂದರೆ ಅವರು ಹುಟ್ಟಿದ ವರ್ಷವೇ, ಕ್ಯಾಥಿ ಕುಕ್ ಸ್ಥಾಪಿಸಿದ್ದ 49.43ರ ಬ್ರಿಟಿಷ್ ದಾಖಲೆ ಆ ಸಂಜೆ ಮುರಿಯಿತು. ನಿಮ್ಮ ಲೇಖನದಲ್ಲಿ ಇದಕ್ಕೆ ಸಿಕ್ಕಿರುವುದು ಅರ್ಧ ಸಾಲು.

ಲೇಖನವನ್ನು ಮಾಸ್ಕೋದಿಂದಲೇ ಆರಂಭಿಸಿ, ಅಲ್ಲಿಂದ ನಿಷೇಧದ ವರ್ಷಕ್ಕೆ ಹಿಂದಿರುಗಿ. ಕೊನೆಯ ಎರಡು ಪ್ಯಾರಾಗಳ ಹೊಗಳಿಕೆಯನ್ನು ಪೂರ್ತಿ ತೆಗೆಯಿರಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ